ಏಳುನೂರಾ ಅರವತ್ತು ‘ಇಲ್ಲ’

ಬಾಲಿಗಂಜ್ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆಯಲ್ಲಿದ್ದ ಆ ಶಾಲೆಯಲ್ಲಿ, ಶೋಭನಾಗೂ ಸಿಟ್ಟು ಬರುತ್ತದೆ ಎಂಬ ಸಂಗತಿ ಹದಿನೇಳು ವರ್ಷ ಯಾರಿಗೂ ಗೊತ್ತಿರಲಿಲ್ಲ. ಮೂರನೇ ತರಗತಿಯ ‘ಸಿ’ ಸೆಕ್ಷನ್ನಿನ ಟೀಚರ್. ಯಾರಾದರೂ ರಜೆ ಹಾಕಿದರೆ ಅವರ ಪೀರಿಯಡ್ಡು ಮೊದಲು ಬೀಳುತ್ತಿದ್ದುದು ಇವಳ ತಲೆಗೆ. ವಾರ್ಷಿಕೋತ್ಸವಕ್ಕೆ ಬಣ್ಣದ ಕಾಗದ ಕತ್ತರಿಸಲು ಇವಳು, ಸ್ಪೋರ್ಟ್ಸ್ ದಿನ ಬಿಸಿಲಿನಲ್ಲಿ ಗ್ಲೂಕೋಸ್ ಹಂಚಲು ಇವಳು. ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದಳು.

ಹುಟ್ಟಿದ್ದು ಧಾರವಾಡದಲ್ಲಿ. ಗಂಡ ಭರತೇಶ ಖಿದಿರ್‌ಪುರದ ಹಡಗುಕಟ್ಟೆಯ ಪಕ್ಕದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಮೂರು ವರ್ಷಕ್ಕೆಂದು ಬಂಗಾಳಕ್ಕೆ ವರ್ಗವಾಗಿ ಬಂದವನು ಜಾದವ್‌ಪುರದ ಬಾಡಿಗೆ ಫ್ಲ್ಯಾಟಿನಲ್ಲಿ ಹದಿನೆಂಟು ವರ್ಷ ಕಳೆದುಬಿಟ್ಟಿದ್ದ. ಮಗಳು ವರ್ಷಿಣಿ ಕಾಲೇಜಿನಲ್ಲಿದ್ದಳು. ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ದಿನಾ ಬೆಳಗ್ಗೆ ಶೋಭನಾ ಲೋಕಲ್ ಟ್ರೇನಿನ ಹೆಂಗಸರ ಡಬ್ಬಿಯಲ್ಲಿ ಎರಡು ಸ್ಟೇಷನ್ ನಿಂತು ಹೋಗುತ್ತಿದ್ದಳು, ಮಧ್ಯಾಹ್ನ ನಿಂತೇ ಬರುತ್ತಿದ್ದಳು. ಚೀಲದಲ್ಲಿ ಮೂವತ್ತೆಂಟು ನೋಟ್‌ಬುಕ್ಕು, ಒಂದು ಕೆಂಪು ಪೆನ್ನು.

ಆ ವರ್ಷದ ಏಪ್ರಿಲ್‌ನಲ್ಲಿ ಅವಳ ಕ್ಲಾಸಿಗೆ ಝಿನುಕ್ ನಸ್ಕರ್ ಬಂದಳು. ಎಂಟು ವರ್ಷದ ಹುಡುಗಿ, ಅರಳು ಹುರಿದ ಹಾಗೆ ಮಾತು. ತಾಯಿ ಮಾಲಾ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಎರಡು ಪಾಳಿ ದುಡಿದು ಮಗಳನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದಳು. ಓದಲು ಎಬ್ಬಿಸಿ ನಿಲ್ಲಿಸಿದರೆ ಝಿನುಕ್ ಪಾಠವನ್ನು ಗಟ್ಟಿ ದನಿಯಲ್ಲಿ, ಏರಿಳಿತ ಸಮೇತ ಹೇಳುತ್ತಿದ್ದಳು. ಒಂದು ದಿನ ಹೇಳುತ್ತ ಹೇಳುತ್ತ ಪಾಠ ಮುಂದಕ್ಕೆ ಹೋಯಿತು, ಪುಟ ಮಾತ್ರ ಹಿಂದೆಯೇ ಉಳಿಯಿತು. ತಿರುವಲು ಅವಳಿಗೆ ನೆನಪಾಗಲಿಲ್ಲ. ಕ್ಲಾಸು ಗೊಳ್ಳೆಂದಿತು. ಬೇರೆ ಪುಟ ತೆಗೆದುಕೊಟ್ಟು ಇದನ್ನು ಓದು ಅಂದರೆ ಬಾಯಿಯೇ ಬಿಡಲಿಲ್ಲ. ಶೋಭನಾ ಅವಳ ನೋಟ್‌ಬುಕ್ಕಿನಲ್ಲಿ ಕೆಂಪಕ್ಷರದಲ್ಲಿ ಬರೆದಳು: ಕೇರ್‌ಲೆಸ್. ಬಾಯಿಪಾಠ ಮಾಡಿ ಮೋಸ ಮಾಡುತ್ತಾಳೆ.

ಜುಲೈನಲ್ಲಿ ಊರಿನ ಕನ್ನಡಿಗರು ಒಂದು ಭಾನುವಾರ ಹಾಲ್ ಹಿಡಿದು ಸೇರಿದರು. ಮೈಸೂರಿನ ಇಂದಿರಾ ಎಂಬಾಕೆ ಊಟಕ್ಕೆ ಮುಂಚೆ ಅರ್ಧ ಗಂಟೆ ಮಾತಾಡುವುದಿತ್ತು. ಮಕ್ಕಳು ಓದಲು ಹೇಗೆ ಕಲಿಯುತ್ತಾರೆ ಎಂಬುದರ ಬಗ್ಗೆ ಜಾದವ್‌ಪುರದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಬಿಸಿಬೇಳೆಬಾತಿನ ವಾಸನೆ ಬಂದಮೇಲೆ ಭಾಷಣ ಯಾರಿಗೆ ಬೇಕು? ಹಿಂದಿನ ಸಾಲು ಆಗಲೇ ಎದ್ದಿತ್ತು. ಶೋಭನಾ ಕೂತಿದ್ದು ಏಳಲು ಸಂಕೋಚವಾಗಿ.

“ಮಗು ಪುಟ ತಿರುಗಿಸೋದನ್ನೇ ಮರೆತು ಓದ್ತಾ ಇದ್ರೆ, ಅದು ಓದ್ತಾ ಇಲ್ಲ ಅಂತ ಅರ್ಥ,” ಅಂದಳು ಇಂದಿರಾ. “ಕಿವೀಲಿ ಕೇಳಿದ್ದನ್ನ ಒಪ್ಪಿಸ್ತಾ ಇದೆ. ಅಕ್ಷರಕ್ಕೂ ಸದ್ದಿಗೂ ಗಂಟು ಹಾಕೋಕೆ ಅದಕ್ಕೆ ಆಗ್ತಾ ಇಲ್ಲ. ಬುದ್ಧಿ ಕಮ್ಮಿ ಅಂತಲ್ಲ. ಬೇರೆ ಮಕ್ಕಳ ನಾಲ್ಕರಷ್ಟು ಕಷ್ಟಪಡ್ತಿರೋ ಮಗೂನ ನಾವು ಸೋಮಾರಿ ಅಂತೀವಿ. ಇದಕ್ಕೆ ಡಿಸ್ಲೆಕ್ಸಿಯಾ ಅಂತಾರೆ. ಚಿಕ್ಕ ವಯಸ್ಸಲ್ಲೇ ಗುರುತು ಹಿಡಿದ್ರೆ ಬೇರೆ ರೀತೀಲಿ ಕಲಿಸಬಹುದು.”

ಶೋಭನಾಗೆ ಮೊದಲು ಝಿನುಕ್ ಕಣ್ಣಮುಂದೆ ಬಂದಳು. ಹಿಂದೆಯೇ ಇನ್ನೊಬ್ಬ ಬಂದ. ತಮ್ಮ ವಿವೇಕ.

ವಿವೇಕ ಒತ್ತಕ್ಷರ ಕಂಡರೆ ಬೆವರುತ್ತಿದ್ದ. ‘ಶಾಲೆ’ಯನ್ನು ‘ಲಾಶೆ’ ಎಂದು ಬರೆಯುತ್ತಿದ್ದ. ರೇಡಿಯೋದಲ್ಲಿ ಕೇಳಿದ ಕ್ರಿಕೆಟ್ ಕಾಮೆಂಟರಿಯನ್ನು ಒಂದು ಮಾತು ಬಿಡದೆ ಒಪ್ಪಿಸುವ ಹುಡುಗನಿಗೆ ತನ್ನ ಹೆಸರಿನ ‘ವ’ ಯಾವುದು, ಅದರಂತೆಯೇ ಕಾಣುವ ‘ಮ’ ಯಾವುದು ಎಂದು ತಿಳಿಯುತ್ತಿರಲಿಲ್ಲ. ಪೋಸ್ಟಾಫೀಸಿನಲ್ಲಿ ಗುಮಾಸ್ತನಾಗಿದ್ದ ಅಪ್ಪ ಅವನಿಗೆ ಕಲಿಸುವ ಕೆಲಸವನ್ನು ಹತ್ತನೆಯ ಇಯತ್ತೆಯಲ್ಲಿದ್ದ ಶೋಭನಾಗೆ ವಹಿಸಿದ್ದ. ಅವಳು ಒಂದೊಂದು ಶಬ್ದವನ್ನು ನೂರು ಸಲ ಬರೆಸುತ್ತಿದ್ದಳು, ತಪ್ಪಿದಾಗೆಲ್ಲ ಮರದ ಸ್ಕೇಲಿನ ಅಂಚಿನಿಂದ ಗೆಣ್ಣಿನ ಮೇಲೆ ಹೊಡೆಯುತ್ತಿದ್ದಳು. ಉಂಗುರದ ಬೆರಳು ಬಾತು ಅವನಿಗೆ ಪೆನ್ಸಿಲ್ ಹಿಡಿಯಲಾಗದಿದ್ದಾಗ, ನಾಟಕ ಮಾಡುತ್ತಾನೆಂದು ಅಪ್ಪನಿಗೆ ದೂರು ಕೊಟ್ಟವಳೂ ಅವಳೇ. ವಿವೇಕ ಏಳನೇ ಇಯತ್ತೆಗೆ ಶಾಲೆ ಬಿಟ್ಟ. ಈಗ ಹುಬ್ಬಳ್ಳಿಯಲ್ಲಿ ಸೆಂಟ್ರಿಂಗ್ ಕೆಲಸದ ಮೇಸ್ತ್ರಿ. ಅಕ್ಕ ವಾಟ್ಸ್ಆ್ಯಪಿನಲ್ಲಿ ಬರೆದರೆ ಉತ್ತರ ಬರುತ್ತಿರಲಿಲ್ಲ, ಮಾತಿನ ಮೆಸೇಜಷ್ಟೇ ಬರುತ್ತಿತ್ತು. ಸೋಮಾರಿ ಎಂದುಕೊಂಡಿದ್ದಳು.

ಮನೆಗೆ ಬಂದವಳೇ ತಮ್ಮನಿಗೆ ಫೋನ್ ಮಾಡಿ ಇಂದಿರಾ ಹೇಳಿದ್ದನ್ನೆಲ್ಲ ಹೇಳಿದಳು.

“ಅದಕ್ಕೂ ಒಂದ ಹೆಸರೈತೇನಕ್ಕಾ?” ಅಂದ ವಿವೇಕ. “ನಾ ಇಷ್ಟ ದಿನಾ ಅದಕ್ಕ ನನ್ನ ಹೆಸರನ ಇಟ್ಟಿದ್ದೆ.”

“ತಪ್ಪಾತೋ ತಮ್ಮಾ. ನಾ ನಿಂಗ ಭಾಳ ಹೊಡದೆ.”

“ಆವಾಗ ನಿಂಗೂ ಹದಿನೈದ ವರ್ಷ. ಬಿಡು. ಆದ್ರ ಈಗ ನೀ ಟೀಚರ್ ಅದಿಯಲಾ? ಟ್ರೇನಿಂಗ್‌ದಾಗ ಇದನ್ನ ಕಲಿಸಲಿಲ್ಲೇನು?”

“ಇಲ್ಲ.”

“ಮತ್ತೇನ ಕಲಿಸಿದ್ರು ನಿಮಗ?”

ಆ ಪ್ರಶ್ನೆ ಮುಳ್ಳಿನಂತೆ ಚುಚ್ಚಿಕೊಂಡು ನಿಂತಿತು. ಇಲ್ಲ ಅಂದಿದ್ದಳು, ಆದರೆ ಬಿ.ಎಡ್.ನಲ್ಲಿ ಇದು ಇತ್ತು. ಒಂದು ಪ್ಯಾರಾ ಇತ್ತು. ಪರೀಕ್ಷೆಗೆ ಐದು ಅಂಕಗಳ ಟಿಪ್ಪಣಿ ಬಂದಿತ್ತು, ಬರೆದಿದ್ದಳು, ನಾಲ್ಕು ಅಂಕ ಪಡೆದಿದ್ದಳು. ಆಮೇಲೆ ಹದಿನೇಳು ವರ್ಷ, ವರ್ಷಕ್ಕೆ ಮೂವತ್ತೆಂಟು ನಲವತ್ತು ಮಕ್ಕಳು. ಆ ನಾಲ್ಕು ಅಂಕ ಇಟ್ಟುಕೊಂಡು ಅವಳು ಎಷ್ಟು ಮಂದಿಯನ್ನು ಗುರುತಿಸಿದಳು? ಒಬ್ಬರನ್ನೂ ಇಲ್ಲ. ಕೆಂಪು ಪೆನ್ನಿನ ರೀಫಿಲ್ಲುಗಳು ಮಾತ್ರ ಖಾಲಿಯಾದವು. ಅಂದು ಅವಳಿಗೆ ಬಂದ ಸಿಟ್ಟು ಮೊದಲು ತನ್ನ ಮೇಲೆ, ಆಮೇಲೆ ತನಗೆ ಕಲಿಸಿದವರ ಮೇಲೆ.

ಇಂದಿರಾ ಶನಿವಾರ ಮಧ್ಯಾಹ್ನ ಶಿಕ್ಷಕರಿಗೆ ಆರು ತಿಂಗಳ ತರಬೇತಿ ನಡೆಸುತ್ತಿದ್ದಳು. ಶೋಭನಾ ಸೇರಿಕೊಂಡಳು. ಶಾಲೆಯಲ್ಲಿ ಊಟದ ಬಿಡುವಿನ ಹದಿನೈದು ನಿಮಿಷ ಝಿನುಕ್‌ಳನ್ನು ಹತ್ತಿರ ಕೂರಿಸಿಕೊಂಡು, ಕಲಿತದ್ದನ್ನೆಲ್ಲ ಅವಳ ಮೇಲೆ ಪ್ರಯೋಗಿಸಿದಳು. ಅಕ್ಷರವನ್ನು ಬದಿಗಿಟ್ಟು ಮೊದಲು ಸದ್ದು. ಒಂದು ಪದದಲ್ಲಿ ಎಷ್ಟು ಸದ್ದು, ಅಷ್ಟು ಅಂಗಿ ಗುಂಡಿ ಮೇಜಿನ ಮೇಲೆ ಸರಿಸು. ಡಿಸೆಂಬರ್ ಹೊತ್ತಿಗೆ ಝಿನುಕ್ ನಾಲ್ಕಕ್ಷರದ ಹೊಸ ಪದವೊಂದನ್ನು ಯಾರೂ ಹೇಳಿಕೊಡದೆ ಓದಿದಳು. ಓದಿ, ಹಾವು ತುಳಿದವಳ ಹಾಗೆ ಟೀಚರ್ ಮುಖ ನೋಡಿದಳು. ಈ ಮಗುವನ್ನು ತಜ್ಞರಿಗೆ ತೋರಿಸಬೇಕು ಎಂದು ಶೋಭನಾ ಪ್ರಿನ್ಸಿಪಾಲರಿಗೆ ಎರಡು ಸಲ ಹೇಳಿದಳು. ಎರಡು ಸಲವೂ “ಪರೀಕ್ಷೆ ಮುಗಿಯಲಿ” ಎಂಬ ಉತ್ತರ ಬಂತು.

ಜನವರಿಯ ಒಂದು ಗುರುವಾರ ಸ್ಟಾಫ್‌ರೂಮಿಗೆ ಒಂದು ರಿಜಿಸ್ಟರು ಬಂತು. ಕಲಿಕೆಯ ತೊಂದರೆಗಳನ್ನು ಗುರುತಿಸುವ ಬಗ್ಗೆ ಪ್ರಾಥಮಿಕ ವಿಭಾಗದ ಶಿಕ್ಷಕರಿಗೆಲ್ಲ ಎರಡು ದಿನದ ತರಬೇತಿ ನಡೆದಿದೆ ಎಂದು ಅದರಲ್ಲಿತ್ತು. ತಾರೀಖು ಹಿಂದಿನ ವಾರದ್ದು. ಆ ಎರಡೂ ದಿನ ಟೀಚರುಗಳು ಸ್ಪೋರ್ಟ್ಸಿನ ಟ್ರ್ಯಾಕಿಗೆ ಸುಣ್ಣದ ಪುಡಿ ಹಾಕಿಸುತ್ತಿದ್ದರು. ತರಬೇತಿಯೂ ಆಗಬೇಕು, ಮಕ್ಕಳ ತಪಾಸಣೆಯೂ ಆಗಬೇಕು, ತಿಂಗಳೊಳಗೆ ವರದಿ ಬರಬೇಕು ಎಂದು ಶಿಕ್ಷಣ ಬೋರ್ಡಿನಿಂದ ಸುತ್ತೋಲೆ ಬಂದಿತ್ತಂತೆ. ಒಬ್ಬೊಬ್ಬರೇ ಸಹಿ ಹಾಕಿ, ಚಹಾ ಹೀರಿ, ರಿಜಿಸ್ಟರನ್ನು ಮುಂದಕ್ಕೆ ದೂಡುತ್ತಿದ್ದರು.

ರಿಜಿಸ್ಟರಿನ ಹಿಂದೆಯೇ ಫಾರಂಗಳ ಕಟ್ಟು ಬಂತು. ಮಗುವಿಗೊಂದು ಫಾರಂ, ಫಾರಮಿಗೆ ಇಪ್ಪತ್ತು ಪ್ರಶ್ನೆ. ಓದುವಾಗ ಪದ ಬಿಟ್ಟು ಓದುತ್ತದೆಯೇ? ಇಲ್ಲ. ಅಕ್ಷರ ಅದಲುಬದಲಾಗುತ್ತದೆಯೇ? ಇಲ್ಲ. ಕರಿಹಲಗೆಯ ಮೇಲಿನದನ್ನು ನಕಲು ಮಾಡಲು ಕಷ್ಟವಿದೆಯೇ? ಇಲ್ಲ. ಮೂವತ್ತೆಂಟು ಮಕ್ಕಳು, ಏಳುನೂರಾ ಅರವತ್ತು ‘ಇಲ್ಲ’, ಎಲ್ಲವೂ ಆಫೀಸಿನ ಒಬ್ಬನೇ ಗುಮಾಸ್ತನ ಕೈಬರಹದಲ್ಲಿ. ಅವನು ಒಂದು ಮಗುವಿನ ಮುಖವನ್ನೂ ನೋಡಿದವನಲ್ಲ. ಕೆಳಗೆ ಕ್ಲಾಸ್ ಟೀಚರ್ ಸಹಿಗೆ ಜಾಗ ಖಾಲಿ ಬಿಟ್ಟಿದ್ದ. ಶೋಭನಾ ಝಿನುಕ್‌ಳ ಫಾರಂ ಹುಡುಕಿ ತೆಗೆದಳು. ಅಲ್ಲಿಯೂ ಇಪ್ಪತ್ತು ‘ಇಲ್ಲ’.

ಫಾರಂ ಹಿಡಿದುಕೊಂಡು ಪ್ರಿನ್ಸಿಪಾಲರ ಕೋಣೆಗೆ ನಡೆದಳು. ಹೊರಗಿನ ಬೆಂಚಿನ ಮೇಲೆ ಮಾಲಾ ನಸ್ಕರ್ ಕೂತಿದ್ದಳು. ತೊಡೆಯ ಮೇಲೆ ಎರಡು ಹಾಳೆ. ಒಂದರಲ್ಲಿದ್ದ ಇಂಗ್ಲಿಷನ್ನು ಇನ್ನೊಂದಕ್ಕೆ ಅಕ್ಷರ ಅಕ್ಷರ ನೋಡಿ ಇಳಿಸುತ್ತಿದ್ದಳು.

“ಏನಿದು?” ಹಿಂದಿಯಲ್ಲಿ ಕೇಳಿದಳು ಶೋಭನಾ.

“ಆಫೀಸಿನವರು ಇದನ್ನು ನೋಡಿ ಬರೆದುಕೊಡು ಅಂದರು, ಮಿಸ್. ಬರೆಯದಿದ್ದರೆ ಝಿನುಕ್ ಫೇಲ್ ಅಂತ ಸರ್ಟಿಫಿಕೇಟಿನ ಮೇಲೇ ಬರೆಯುತ್ತಾರಂತೆ.”

ಶೋಭನಾ ಬಗ್ಗಿ ಓದಿದಳು. ವೈಯಕ್ತಿಕ ಕಾರಣಗಳಿಂದ ನನ್ನ ಮಗಳನ್ನು ಈ ಶಾಲೆಯಿಂದ ಬಿಡಿಸುತ್ತಿದ್ದೇನೆ, ದಯವಿಟ್ಟು ವರ್ಗಾವಣೆ ಪತ್ರ ಕೊಡಬೇಕು. ಈ ವಯಸ್ಸಿನ ಮಗುವನ್ನು ಶಾಲೆ ತಾನಾಗಿ ಹೊರಹಾಕುವಂತಿಲ್ಲ; ಕಾನೂನು ಬಿಡುವುದಿಲ್ಲ. ಅದಕ್ಕೇ ತಾಯಿಯ ಕೈಯಲ್ಲಿ ಬರೆಸುತ್ತಿದ್ದರು.

“ಇದನ್ನು ಕೊಡಬೇಡಿ. ನಾನು ಬರುವವರೆಗೂ ಇಲ್ಲೇ ಕೂತಿರಿ,” ಎಂದವಳು ಒಳಗೆ ನುಗ್ಗಿದಳು. ಬಾಗಿಲು ತಟ್ಟಲಿಲ್ಲ.

ಪ್ರಿನ್ಸಿಪಾಲ್ ಸುದೇಷ್ಣಾ ಗುಹ ಯಾರ ಮೇಲೂ ರೇಗುವವರಲ್ಲ. ಮುಗುಳ್ನಗುತ್ತಲೇ ಇಂಗ್ಲಿಷಿನಲ್ಲಿ ಅಂದರು, “ಕೂತುಕೋ ಶೋಭನಾ. ಸಹಿ ಆಯಿತಾ?”

“ಈ ಫಾರಂ ಪ್ರಕಾರ ಝಿನುಕ್‌ಗೆ ಓದುವುದರಲ್ಲಿ ಏನೂ ತೊಂದರೆ ಇಲ್ಲ. ಹೊರಗೆ ಅವಳ ತಾಯಿಯ ಕೈಲಿ ಬರೆಸುತ್ತಿರುವುದು ಅವಳಿಗೆ ಓದು ಬರುವುದಿಲ್ಲ ಅಂತ ಕಳಿಸಲಿಕ್ಕೆ. ಎರಡೂ ಈ ಆಫೀಸಿನದೇ ಕಾಗದ. ಇವುಗಳಲ್ಲಿ ಯಾವುದು ಸುಳ್ಳು ಮೇಡಂ?”

ನಗು ಒಂದು ಗಳಿಗೆ ನಿಂತಿತು. “ಇದು ಬರೀ ಕಾಗದದ ಕೆಲಸ. ಎಲ್ಲ ಶಾಲೆಯವರೂ ಹೀಗೇ ಮಾಡುತ್ತಾರೆ. ಇವತ್ತು ನಾವು ಹತ್ತು ಮಕ್ಕಳನ್ನು ಗುರುತಿಸಿದರೆ ನಾಳೆ ಹತ್ತು ಪೋಷಕರು ವಿಶೇಷ ಶಿಕ್ಷಕಿ ಎಲ್ಲಿ ಅಂತ ಕೇಳುತ್ತಾರೆ. ಎಲ್ಲಿಂದ ತರಲಿ? ಆ ಹುಡುಗಿಗೆ ಬೇರೆ ಶಾಲೆಯೇ ಒಳ್ಳೆಯದು. ನೀನು ಕ್ಲಾಸಿಗೆ ಹೋಗು.”

“ಯಾವ ಶಾಲೆ? ಅಲ್ಲಿಯೂ ನಿಮ್ಮಂಥವರೇ, ನನ್ನಂಥವರೇ ಇರುತ್ತಾರಲ್ಲ!”

ತನ್ನ ದನಿ ಇಷ್ಟು ದೊಡ್ಡದೆಂದು ಶೋಭನಾಗೇ ಗೊತ್ತಿರಲಿಲ್ಲ. ಕಾರಿಡಾರಿನಲ್ಲಿ ಸಾಲಾಗಿ ಹೋಗುತ್ತಿದ್ದ ಎರಡನೇ ತರಗತಿ ನಿಂತುಬಿಟ್ಟಿತು. “ನಡೆಯದ ತರಬೇತಿಗೆ ನಾನು ಸಹಿ ಹಾಕುವುದಿಲ್ಲ. ಈ ಮೂವತ್ತೆಂಟಕ್ಕೂ ಹಾಕುವುದಿಲ್ಲ. ನನ್ನ ಮಕ್ಕಳನ್ನು ನಾನೇ ನೋಡಿ ಬರೆಯುತ್ತೇನೆ.”

ಹೊರಗೆ ಬಂದಾಗ ಬೆಂಚು ಖಾಲಿ. ಮಧ್ಯಾಹ್ನದ ಪಾಳಿಗೆ ಹೊತ್ತಾಯಿತೆಂದು ಮಾಲಾ ಪತ್ರವನ್ನು ಗುಮಾಸ್ತನ ಕೈಗಿತ್ತು ಹೋಗಿಬಿಟ್ಟಿದ್ದಳು. ಮರುದಿನ ಝಿನುಕ್ ಬರಲಿಲ್ಲ. ಸೋಮವಾರ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೀಟು ಬಿದ್ದಿತ್ತು.

ಶೋಭನಾ ಹನ್ನೆರಡು ದಿನ ತೆಗೆದುಕೊಂಡಳು. ಒಂದೊಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದಳು, ಬರೆಸಿದಳು, ಸದ್ದು ಬಿಡಿಸಲು ಹೇಳಿದಳು. ಉಳಿದ ಮೂವತ್ತೇಳರಲ್ಲಿ ನಾಲ್ಕು ಮಕ್ಕಳ ಫಾರಮಿನಲ್ಲಿ ‘ಹೌದು’ಗಳು ಸಾಲುಗಟ್ಟಿದವು. ಝಿನುಕ್‌ಳ ಫಾರಮನ್ನೂ ಸೇರಿಸಿದಳು, ಹೆಸರಿಗೆ ಗೀಟು ಬಿದ್ದಿದ್ದರೂ.

ಮನೆಯಲ್ಲಿ ಕೂತು ಶಾಲೆಗೂ ಬೋರ್ಡಿಗೂ ಪತ್ರ ಬರೆದಳು. ಭರತೇಶ ಓದಿ ನೋಡಿದ.

“‘ಕಳ್ಳರು’ ಅನ್ನೂದ ತಗಿ,” ಅಂದ.

“ಯಾಕ? ಕಳ್ಳರಲ್ಲೇನು?”

“ಹೌದು, ಕಳ್ಳರ. ಆದ್ರ ಕಳ್ಳರು ಅಂತ ಬರದ್ರ ನಿನ್ನ ಸಿಟ್ಟಷ್ಟ ಓದತಾರ, ಕಾಗದ ಓದೂದಿಲ್ಲ. ತಾರೀಖ ಹಾಕು. ಯಾವ ದಿನ ರಿಜಿಸ್ಟರ್ ಬಂತು, ಆ ಎರಡ ದಿನಾ ಶಾಲಿಯೊಳಗ ಏನ ನಡದಿತ್ತು, ಅಷ್ಟ ಬರಿ. 2016ರ ಅಂಗವಿಕಲರ ಕಾಯ್ದೆ ಐತಿ, ಇಂಥಾ ಮಕ್ಕಳನ್ನ ಬೇಗ ಗುರುತಿಸಬೇಕಂತ. ಅದನ್ನ ಬರಿ. ಕಾಗದ ಕೊಟ್ಟಿದ್ದಕ್ಕ ಆಫೀಸಿನ ಸಿಕ್ಕಾ ಹಾಕಿಸಿಕೋ. ಇಪ್ಪತ್ತೈದ ವರ್ಷ ಫೈಲ್ ನೋಡೇನಿ ನಾ. ತಾರೀಖಿಗೆ ಹೆದರೂವಷ್ಟು ಅವರು ದೇವರಿಗೂ ಹೆದರೂದಿಲ್ಲ.” ಪತ್ರವನ್ನು ಅವಳ ಕೈಗೆ ಕೊಟ್ಟು, “ನೌಕರಿ ಹೋದ್ರ ಹೋತು. ನೋಡೂಣು,” ಅಂದ.

ಪತ್ರದ ಒಂದು ಪ್ರತಿ ಶಾಲೆಗೆ, ಒಂದು ಬೋರ್ಡಿಗೆ ಹೋಯಿತು. ನೌಕರಿ ಹೋಗಲಿಲ್ಲ; ಮೊಹರು ಬಿದ್ದ ಪತ್ರ ಕೈಲಿದ್ದವಳನ್ನು ತೆಗೆಯುವುದು ಸುಲಭವಲ್ಲ. ಆದರೆ ಮೂರನೇ ‘ಸಿ’ಯನ್ನು ಅವಳಿಂದ ಕಿತ್ತು ಲೈಬ್ರರಿಯಲ್ಲಿ ಕೂರಿಸಿದರು. ಸ್ಟಾಫ್‌ರೂಮಿನಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಸಹಿ ಹಾಕಿದವರಿಗೆಲ್ಲ ಈಗ ಭಯ, ಭಯದ ಜೊತೆಗೆ ಇವಳ ಮೇಲೆ ದ್ವೇಷ. ಗುರುತಿಸಿದ ನಾಲ್ಕು ಮಕ್ಕಳಲ್ಲಿ ಒಬ್ಬನ ತಂದೆ ಗೇಟಿನ ಹತ್ತಿರ ಅಡ್ಡಗಟ್ಟಿ, “ನನ್ನ ಮಗನನ್ನು ಹುಚ್ಚ ಅಂತ ಬರೆದಿದ್ದೀಯಾ?” ಎಂದು ಕೂಗಾಡಿದ. ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ಭಾನುವಾರ ಬಸ್ಸು ಹಿಡಿದು ಖಿದಿರ್‌ಪುರಕ್ಕೆ ಹೋಗಿ ಮಾಲಾಳ ಮನೆ ಹುಡುಕಿದಳು. ಒಂದೇ ಕೋಣೆ, ಕಿಟಕಿಯಾಚೆ ಲಾರಿಗಳ ಸಾಲು. ಝಿನುಕ್ ಹತ್ತಿರದ ಬಂಗಾಳಿ ಶಾಲೆಗೆ ಸೇರಿದ್ದಳು. ಒಂದು ಕ್ಲಾಸಿಗೆ ಅರವತ್ತು ಮಕ್ಕಳು. ಟೀಚರನ್ನು ಕಂಡು ಮಂಚದ ಆಚೆ ಬದಿಗೆ ಸರಿದಳು. ಅಷ್ಟು ಮಾತಾಡುತ್ತಿದ್ದ ಹುಡುಗಿ ತುಟಿ ಬಿಚ್ಚಲಿಲ್ಲ.

“ಭಾನುವಾರ ನಾನೇ ಬಂದು ಕಲಿಸುತ್ತೇನೆ,” ಅಂದಳು ಶೋಭನಾ.

ಮಾಲಾ ಹಳೆಯ ನೋಟ್‌ಬುಕ್ಕೊಂದನ್ನು ತಂದು ಮುಂದೆ ಹಿಡಿದಳು. “ಇದನ್ನು ಬರೆದವರು ನೀವೇ ತಾನೆ ಮಿಸ್? ನನಗೆ ಇಂಗ್ಲಿಷ್ ಬರುವುದಿಲ್ಲ. ನಮ್ಮ ಓಣಿಯ ಒಬ್ಬ ಹುಡುಗಿಯ ಕೈಲಿ ಓದಿಸಿದೆ. ಮೋಸ ಮಾಡುತ್ತಾಳೆ ಅಂತ ಬರೆದಿದ್ದೀರಿ. ಅವತ್ತು ನಾನು ಇವಳನ್ನು ಎಷ್ಟು ಹೊಡೆದೆ ಗೊತ್ತಾ?”

ಶೋಭನಾ ಆ ಕೆಂಪಕ್ಷರದ ಮೇಲೆ ಬೆರಳಿಟ್ಟಳು. “ನಾನೇ ಬರೆದದ್ದು. ತಪ್ಪು ಬರೆದೆ,” ಅಂದಳು.

“ಹೋಗಿ,” ಅಂದಳು ಮಾಲಾ.

ಮುಂದಿನ ಭಾನುವಾರವೂ ಹೋದಳು, ಅದರ ಮುಂದಿನದೂ. ನಾಲ್ಕನೆಯ ಸಲ ಮಾಲಾ ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತಳು, ಬನ್ನಿ ಅನ್ನಲಿಲ್ಲ. ಶೋಭನಾ ಒಳಗೆ ಹೋಗಿ ನೆಲದ ಮೇಲೆ ಕೂತಳು.

ಮಾರ್ಚ್‌ನಲ್ಲಿ ಬೋರ್ಡಿನಿಂದ ಇಬ್ಬರು ಬಂದರು. ಒಂದೇ ಕೈಬರಹದ ಫಾರಂಗಳನ್ನು ನೋಡಿದರು, ಸ್ಪೋರ್ಟ್ಸ್ ತಯಾರಿಯ ಫೋಟೋಗಳಲ್ಲಿನ ತಾರೀಖು ನೋಡಿದರು. ಶಾಲೆಗೆ ನೋಟಿಸು ಬಂತು: ಎಲ್ಲವನ್ನೂ ಮತ್ತೆ ಮಾಡಿ. ಅಷ್ಟೇ. ಯಾರ ಕುರ್ಚಿಯೂ ಅಲುಗಲಿಲ್ಲ. ಜೂನ್‌ನಲ್ಲಿ ನಿಜವಾದ ತರಬೇತಿ ನಡೆಯಿತು. ಸುದೇಷ್ಣಾ ಗುಹ ದೀಪ ಹಚ್ಚಿ, “ಪ್ರತಿಯೊಂದು ಮಗುವನ್ನೂ ಜೊತೆಗೆ ಕರೆದೊಯ್ಯುವುದು ಮೊದಲಿನಿಂದಲೂ ನಮ್ಮ ಶಾಲೆಯ ಪರಂಪರೆ,” ಎಂದು ಭಾಷಣ ಶುರುಮಾಡಿದರು.

ಹಿಂದಿನ ಸಾಲಿನಲ್ಲಿದ್ದ ಶೋಭನಾ ಎದ್ದು ನಿಂತಳು. “ಮೊದಲಿನಿಂದಲೂ ಅಲ್ಲ ಮೇಡಂ. ನೋಟಿಸು ಬಂದಮೇಲೆ. ಜನವರಿಯಲ್ಲಿ ಒಂದು ಮಗುವನ್ನು ಇಲ್ಲಿಂದ ಕಳಿಸಿದೆವು. ಝಿನುಕ್ ನಸ್ಕರ್. ಆ ಹೆಸರನ್ನೂ ಹೇಳಿ ಶುರುಮಾಡಿ.”

ಪ್ರಿನ್ಸಿಪಾಲರು ನೀರು ಕುಡಿದು ಮುಂದಿನ ವಾಕ್ಯಕ್ಕೆ ಹೋದರು. ಹೆಸರು ಹೇಳಲಿಲ್ಲ. ಆದರೆ ಬಂದಿದ್ದ ತರಬೇತುದಾರ, ಬಿಳಿಗಡ್ಡದ ಮುದುಕ, ಮೈಕ್ ತೆಗೆದುಕೊಂಡವನೇ, “ಆ ಮಗುವಿನ ಬಗ್ಗೆ ಹೇಳಿ,” ಎಂದು ಶೋಭನಾ ಕಡೆ ತಿರುಗಿದ. ಅವಳು ಹೇಳಿದಳು. ತಾನು ಬರೆದ ಕೆಂಪಕ್ಷರವನ್ನೂ ಬಿಡದೆ ಹೇಳಿದಳು. ಅರ್ಧ ಗಂಟೆ ಯಾರೂ ಫೋನ್ ಮುಟ್ಟಲಿಲ್ಲ.

ಆ ನಾಲ್ಕು ಮಕ್ಕಳಲ್ಲಿ ಮೂವರಿಗೆ ತಜ್ಞರು ಡಿಸ್ಲೆಕ್ಸಿಯಾ ಎಂದು ಬರೆದುಕೊಟ್ಟರು; ಅವರಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗುತ್ತದೆ, ವಾರಕ್ಕೆ ಮೂರು ಪೀರಿಯಡ್ ಶೋಭನಾ ಲೈಬ್ರರಿಯಲ್ಲೇ ಕಲಿಸುತ್ತಾಳೆ. ಗೇಟಿನಲ್ಲಿ ಕೂಗಾಡಿದವನ ಮಗನೂ ಅದರಲ್ಲಿದ್ದಾನೆ. ಝಿನುಕ್ ಆ ಶಾಲೆಗೆ ವಾಪಸ್ಸು ಬರಲಿಲ್ಲ. ಬಾ ಎಂದು ಯಾರೂ ಕರೆಯಲೂ ಇಲ್ಲ.

ಈ ವರ್ಷ ಕನ್ನಡಿಗರು ಮತ್ತೆ ಸೇರಿದಾಗ ಇಂದಿರಾ ಶೋಭನಾಳ ಕೈ ಹಿಡಿದು, “ಅಂತೂ ಗೆದ್ರಲ್ಲ. ಈಗ ಸಮಾಧಾನ ಆಯ್ತಾ?” ಎಂದು ಕೇಳಿದಳು.

“ಇಲ್ಲರೀ,” ಅಂದಳು ಶೋಭನಾ. “ಝಿನುಕ್‌ಗ ಈಗ ಹತ್ತ ವರ್ಷ. ಎಂಟ ವರ್ಷದವರು ಓದೂದನ್ನ ಓದಾಕತ್ತಾಳ. ಕಲೀತಾಳ, ಜಾಣಿ ಅದಾಳ. ಆದ್ರ ನಡುವಿನ ಎರಡ ವರ್ಷ ನಾವು ತಿಂದ್ವಿ. ನಾ ತಿಂದೆ, ನಮ್ಮ ಶಾಲಿ ತಿಂತು, ನಮಗ ಕಲಿಸಿದವರು ತಿಂದ್ರು. ಅದನ್ನ ಯಾರ ವಾಪಸ್ ಕೊಡತಾರ, ಹೇಳ್ರಿ?”

ಊಟಕ್ಕೆ ಕರೆದರು. ಶೋಭನಾ ಊಟಕ್ಕೆ ನಿಲ್ಲಲಿಲ್ಲ; ಭಾನುವಾರವಾಗಿತ್ತು, ಖಿದಿರ್‌ಪುರದ ಬಸ್ಸು ಹಿಡಿಯಬೇಕಿತ್ತು.